ಉಪ್ಪು ತಿಂದ ಇಂಜಿನ್ ನೀರು ಕುಡಿಯಲೇಬೇಕು: ಜೆಟ್ ಸ್ಕೀ ಕೂಲಿಂಗ್‌ಗೆ ಯಾವ ದಾರಿ ಹಿಡಿಯೋದು?

ನೀರಿನ ಮೇಲೆ ಬೈಕಿನ ಹಾಗೆ ಕೂತು ಓಡಿಸುವ ಜೆಟ್ ಸ್ಕೀ ಓಡುವಾಗ ಹಲವು ಮಾಡೆಲ್‌ಗಳಲ್ಲಿ ಮಗ್ಗುಲಿನ ಒಂದು ಸಣ್ಣ ತೂತಿನಿಂದ ನೀರು ಧಾರೆಯಾಗಿ ಚಿಮ್ಮುತ್ತಿರುತ್ತದೆ. ಹೊಸಬರು ಅದನ್ನು ನೋಡಿ ಎಲ್ಲೋ ಸೋರುತ್ತಿದೆ ಅಂತ ಗಾಬರಿಯಾಗುವುದುಂಟು. ಸೋರಿಕೆ ಅಲ್ಲ ಅದು, ಇಂಜಿನ್ನಿನ ಬಿಸಿ ಹೊತ್ತುಕೊಂಡು ಆಚೆ ಬರುವ ನೀರು. ಧಾರೆ ಯಾವಾಗಲೂ ಇದ್ದಷ್ಟೇ ದಪ್ಪ ಇದ್ದರೆ ನೆಮ್ಮದಿ. ನೂಲಿನ ಹಾಗೆ ಸಣ್ಣಗಾದರೆ ಒಳಗೆ ಏನೋ ಕಟ್ಟಿಕೊಂಡಿದೆ ಅಂತ ಲೆಕ್ಕ. ನನ್ನ ಗಾಡಿಯಲ್ಲಿ ಧಾರೆ ನೂಲಾಗಿದ್ದನ್ನು ಎರಡು ವಾರ ನೋಡಿಯೂ ನೋಡದ ಹಾಗಿದ್ದೆ. ಕೊನೆಗೆ ಹೋಸ್ ಬಿಚ್ಚಿದಾಗ ಅದು ಕೂರುವ ಲೋಹದ ಮೂತಿಯೊಳಗೆ, ಹಳೇ ಕೆಟಲ್ ತಳದಲ್ಲಿ ಕಟ್ಟುತ್ತದಲ್ಲ, ಅಂಥದ್ದೇ ಬಿಳಿ ಪದರ. ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಉದುರಿತು. ನಡುವೆ ಬಟಾಣಿ ಕಾಳು ತೂರುವಷ್ಟು ಜಾಗ ಉಳಿದಿತ್ತು.

ಆಮೇಲೆ ಕಂಡಕಂಡವರನ್ನೆಲ್ಲ ಕೇಳಿದೆ. ಬರೀ ನೀರಿನಲ್ಲಿ ತೊಳೆದರೆ ಸಾಕಾ, ಉಪ್ಪು ಕರಗಿಸುವ ದ್ರಾವಣ ಬೇಕಾ? ಮುಂದಿನ ಗಾಡಿ ಓಪನ್ ಲೂಪ್ (ಹೊರಗಿನ ನೀರೇ ಇಂಜಿನ್ ಸುತ್ತಿ ಆಚೆ ಬೀಳುವಂಥದ್ದು) ತಗೊಳ್ಳೋದಾ, ಕ್ಲೋಸ್ಡ್ ಲೂಪ್ (ಇಂಜಿನ್ ತಣಿಸುವ ದ್ರವ ಒಳಗೊಳಗೇ ಸುತ್ತುವಂಥದ್ದು) ತಗೊಳ್ಳೋದಾ? ಒಬ್ಬೊಬ್ಬರದು ಒಂದೊಂದು ಮಾತು. ಕೇಳಿ, ಮಾಡಿ, ಕೆಡಿಸಿ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ನೀವು ಯಾವ ನೀರಿನಲ್ಲಿ ಓಡಿಸುತ್ತೀರಿ ಮತ್ತು ಓಡಿಸಿದ ಮೇಲೆ ಗಾಡಿ ಎಷ್ಟು ದಿನ ಸುಮ್ನೆ ನಿಲ್ಲುತ್ತದೆ, ಈ ಎರಡನ್ನು ಹೇಳಿದರೆ ಮಿಕ್ಕಿದ್ದೆಲ್ಲ ತಾನಾಗಿಯೇ ತೀರ್ಮಾನವಾಗುತ್ತದೆ. ಸಮುದ್ರದ ನೀರು ಇಂಜಿನ್ನಿನೊಳಗೆ ಹರಿಯುತ್ತಿರುವಾಗ ಮಾಡುವ ಹಾನಿ ಕಡಿಮೆ. ಇಂಜಿನ್ ನಿಲ್ಲಿಸಿದ ಮೇಲೆ ಒಳಗೆ ಉಳಿದು ಆವಿಯಾಗುವ ನೀರೇ ಜಾಸ್ತಿ ಕೇಡು ಮಾಡುವುದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ.

ಓಪನ್ ಲೂಪಾ, ಕ್ಲೋಸ್ಡ್ ಲೂಪಾ?

ಹೊಸ ಗಾಡಿ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಇದು. ಅಂದಹಾಗೆ ‘ಜೆಟ್ ಸ್ಕೀ’ ಅನ್ನುವುದು ಕವಾಸಾಕಿ ಕಂಪನಿಯ ಹೆಸರು. ಯಮಾಹಾ ತನ್ನದನ್ನು ವೇವ್‌ರನ್ನರ್ ಅನ್ನುತ್ತದೆ, ಇನ್ನೊಂದು ಸೀ-ಡೂ. ಜನ ಎಲ್ಲವನ್ನೂ ಜೆಟ್ ಸ್ಕೀ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಯಮಾಹಾ, ಕವಾಸಾಕಿ ಗಾಡಿಗಳದು ಓಪನ್ ಲೂಪ್. ಜೆಟ್ ಪಂಪ್ ನೀರನ್ನು ಹಿಂದಕ್ಕೆ ತಳ್ಳುವಾಗ ಅದರಲ್ಲಿ ಒಂದು ಪಾಲು ಸಣ್ಣ ಹೋಸ್ ಹಿಡಿದು ಇಂಜಿನ್ನಿಗೆ ಹೋಗುತ್ತದೆ. ಎಕ್ಸಾಸ್ಟು, ಸಿಲಿಂಡರಿನ ಸುತ್ತ, ಹೆಡ್ಡು ಎಲ್ಲ ಸುತ್ತಿಕೊಂಡು ಆಚೆ ಬೀಳುತ್ತದೆ. ಬೇರೆ ವಾಟರ್ ಪಂಪ್ ಇಲ್ಲ, ರೇಡಿಯೇಟರ್ ಇಲ್ಲ, ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವ, ಬದಲಿಸುವ ಗೋಜಿಲ್ಲ. ಕೆಡುವ ಸಾಮಾನು ಕಡಿಮೆ. ಆದರೆ ನೀವು ಓಡಿಸುವ ನೀರು ಹೇಗಿದೆಯೋ ಇಂಜಿನ್ನಿನ ಒಳಗೂ ಹಾಗೇ. ಕೆಸರಿದ್ದರೆ ಕೆಸರು, ಮರಳಿದ್ದರೆ ಮರಳು, ಉಪ್ಪಿದ್ದರೆ ಉಪ್ಪು.

ಸೀ-ಡೂ 2002ರಲ್ಲಿ ತಂದ ರೋಟ್ಯಾಕ್ಸ್ 4-ಟೆಕ್ ಇಂಜಿನ್ನಿನಿಂದ ಕ್ಲೋಸ್ಡ್ ಲೂಪ್ ದಾರಿ ಹಿಡಿಯಿತು. ಇಲ್ಲಿ ಕಾರಿನ ಹಾಗೆ ಕೂಲಂಟ್ ಒಳಗೊಳಗೇ ಸುತ್ತುತ್ತದೆ. ರೇಡಿಯೇಟರಿನ ಬದಲು ಗಾಡಿಯ ಹೊಟ್ಟೆಯ ಕೆಳಗೆ, ಹಿಂಭಾಗದಲ್ಲಿ ಅಲ್ಯೂಮಿನಿಯಂ ರೈಡ್ ಪ್ಲೇಟ್ ಇರುತ್ತದೆ. ಕೂಲಂಟ್ ಅದರೊಳಗೆ ಹರಿಯುತ್ತದೆ, ಹೊರಗಿನ ನೀರು ಅದನ್ನು ಸವರಿಕೊಂಡು ಹೋಗುತ್ತದೆ, ಬಿಸಿ ಇಳಿಯುತ್ತದೆ. ಇಂಜಿನ್ ಬ್ಲಾಕಿಗೆ ಉಪ್ಪು ನೀರು ತಾಗುವುದೇ ಇಲ್ಲ. ಇನ್ನೊಂದು ಲಾಭವೂ ಉಂಟು. ಉಪ್ಪು ನೀರು ಜಾಸ್ತಿ ಕಾದರೆ ಪದರ ಬೇಗ ಕಟ್ಟುತ್ತದೆ. ಹಾಗಾಗಿ ಓಪನ್ ಲೂಪ್ ಇಂಜಿನ್ನನ್ನು ಸ್ವಲ್ಪ ತಣ್ಣಗೇ ಇಡಬೇಕಾಗುತ್ತದೆ. ಕ್ಲೋಸ್ಡ್ ಲೂಪ್‌ಗೆ ಆ ಹಂಗಿಲ್ಲ, ಕಾರಿನ ಇಂಜಿನ್ನಿನಷ್ಟೇ ಬಿಸಿಯಲ್ಲಿ ಓಡಬಹುದು.

‘ಹಾಗಾದರೆ ಕ್ಲೋಸ್ಡ್ ಲೂಪ್ ತಗೊಂಡರೆ ಫ್ಲಶ್ ಮಾಡೋ, ಅಂದ್ರೆ ಸಿಹಿ ನೀರು ಬಿಟ್ಟು ಒಳಗೆ ತೊಳೆಯೋ ತಲೆನೋವು ಇಲ್ಲ ಅಲ್ವಾ?’ ಅಂತ ಎಲ್ಲರೂ ಕೇಳುತ್ತಾರೆ. ತಲೆನೋವು ಇದೆ. ಎಕ್ಸಾಸ್ಟನ್ನು ತಣ್ಣಗಿಡುವುದು ಇಲ್ಲೂ ಹೊರಗಿನ ನೀರೇ. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಇರುವ ಗಾಡಿಯಾದರೆ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೂ ಹೊರಗಿನ ನೀರು ಹೋಗುವ ಮಾಡೆಲ್‌ಗಳಿವೆ. ಉಪ್ಪು ಅಲ್ಲಿ ಕೂರುತ್ತದೆ. ಕ್ಲೋಸ್ಡ್ ಲೂಪ್ ಅನ್ನುವ ಧೈರ್ಯದಲ್ಲಿ ಫ್ಲಶ್ ಮಾಡದೆ ಬಿಟ್ಟ ಗಾಡಿಯಲ್ಲಿ ಬ್ಲಾಕ್ ಹೊಸದರ ಹಾಗೆ ಇದ್ದು, ಎಕ್ಸಾಸ್ಟ್ ಮಾತ್ರ ತುಕ್ಕು ತಿಂದು ತೂತಾಗಿದ್ದನ್ನು ನೋಡಿದ್ದೇನೆ.

ನನ್ನ ಮಾತು ಕೇಳುವುದಾದರೆ, ಸಿಹಿ ನೀರಿನ ಕೆರೆ ಅಥವಾ ಹೊಳೆಯಲ್ಲಿ ಓಡಿಸುವವರಿಗೆ ಓಪನ್ ಲೂಪ್ ಸಾಕು. ಸರಳವಾದದ್ದೇ ಒಳ್ಳೆಯದು. ಸಮುದ್ರದಲ್ಲಿ ಓಡಿಸಿ, ಪ್ರತಿ ಸಲ ತೊಳೆಯುವ ಶಿಸ್ತು ಇರುವವರಿಗೂ ಓಪನ್ ಲೂಪ್ ಬಹಳ ವರ್ಷ ಬಾಳುತ್ತದೆ. ಸಮುದ್ರದಲ್ಲಿ ಓಡಿಸುತ್ತೀರಿ, ಆಗಾಗ ಒಂದು ದಿನ ತಡವಾಗಿ ತೊಳೆಯುತ್ತೀರಿ ಅಂತಾದರೆ ಕ್ಲೋಸ್ಡ್ ಲೂಪ್ ನಿಮ್ಮ ಸೋಮಾರಿತನವನ್ನು ಸ್ವಲ್ಪ ಮಟ್ಟಿಗೆ ಕ್ಷಮಿಸುತ್ತದೆ. ಮರಳು ಜಾಸ್ತಿ ಇರುವ ಕಡೆಯೂ ಅದೇ ವಾಸಿ. ಆದರೆ ರೈಡ್ ಪ್ಲೇಟ್ ಕಲ್ಲಿಗೆ ಬಡಿದು ಸೀಳಿದರೆ ಕೂಲಂಟ್ ಸೋರಿಹೋಗುತ್ತದೆ ಅನ್ನುವುದು ನೆನಪಿರಲಿ. ಬಂಡೆಗಳಿರುವ ಆಳವಿಲ್ಲದ ನೀರಿನಲ್ಲಿ ಅದೊಂದು ಹೆದರಿಕೆ ಇದ್ದೇ ಇರುತ್ತದೆ.

ಫ್ಲಶ್ ಮಾಡುವ ಮೂರು ದಾರಿ

ಎಲ್ಲಕ್ಕಿಂತ ಮುಖ್ಯ ಇದು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲನೆಯದು ನಲ್ಲಿ ಮತ್ತು ಹೋಸ್. ಗಾಡಿಯಲ್ಲಿ ಫ್ಲಶ್ ಮಾಡುವುದಕ್ಕೆಂದೇ ಒಂದು ಬಾಯಿ ಇರುತ್ತದೆ. ಕೆಲವಕ್ಕೆ ಸೀಟಿನ ಕೆಳಗೆ, ಕೆಲವಕ್ಕೆ ಹಿಂಭಾಗದಲ್ಲಿ. ಅದಕ್ಕೆ ಅಡಾಪ್ಟರ್ ಹಾಕಿ ತೋಟಕ್ಕೆ ನೀರು ಬಿಡುವ ಪೈಪ್ ಸಿಕ್ಕಿಸಿದರಾಯಿತು. ಇಲ್ಲಿ ಒಂದೇ ಒಂದು ಸೂತ್ರ: ಮೊದಲು ಇಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಇಂಜಿನ್.

ಇದನ್ನು ಯಾರು ಎಷ್ಟು ಸಲ ಹೇಳಿದರೂ ನಾವು ಮೈಮರೆಯುತ್ತೇವೆ. ನಾನೂ ಮರೆತೆ. ಒಂದು ಸಂಜೆ ಪೈಪ್ ಸಿಕ್ಕಿಸಿ ನಲ್ಲಿ ತಿರುಗಿಸಿದೆ, ಕೀ ತರಲು ಒಳಗೆ ಹೋದೆ, ಯಾರೋ ಮಾತಿಗೆ ಸಿಕ್ಕರು. ವಾಪಸ್ ಬಂದು ಸ್ಟಾರ್ಟ್ ಬಟನ್ ಒತ್ತಿದರೆ ‘ಟಕ್’ ಅಂತ ಒಂದೇ ಸದ್ದು. ಮತ್ತೆ ಒತ್ತಿದೆ, ಮತ್ತೆ ‘ಟಕ್’. ಬ್ಯಾಟರಿ ವೀಕ್ ಅಂದುಕೊಂಡು ಇನ್ನೊಂದು ಸಲ ಒತ್ತಲು ಹೋಗಿದ್ದೆ. ಪಕ್ಕದಲ್ಲಿದ್ದ ಗೆಳೆಯ ಕೈ ಹಿಡಿದು ತಡೆದ.

ಆಗಿದ್ದೇನು ಅಂದರೆ, ಇಂಜಿನ್ ಓಡುತ್ತಿದ್ದರೆ ಹೊಗೆಯ ಒತ್ತಡ ಎಕ್ಸಾಸ್ಟಿನಲ್ಲಿರುವ ನೀರನ್ನು ಹೊರಗೆ ತಳ್ಳುತ್ತಿರುತ್ತದೆ. ಇಂಜಿನ್ ನಿಂತಿರುವಾಗ ನೀರು ಬಿಟ್ಟರೆ ತಳ್ಳುವವರು ಯಾರೂ ಇಲ್ಲ. ನೀರು ಎಕ್ಸಾಸ್ಟಿನ ವಾಟರ್ ಬಾಕ್ಸ್ (ಸೈಲೆನ್ಸರಿನಂಥ ಡಬ್ಬಿ) ತುಂಬಿ, ಮೇಲೇರಿ, ತೆರೆದಿರುವ ವಾಲ್ವ್ ದಾಟಿ ಸಿಲಿಂಡರಿಗೆ ಇಳಿಯುತ್ತದೆ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಜೋರು ಮಾಡಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನನ್ನ ಅದೃಷ್ಟ, ರಾಡ್ ಬಾಗಿರಲಿಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಕೈಪಿಡಿಯಲ್ಲಿ ಹೇಳಿದ ಹಾಗೆ ಸ್ಪಾರ್ಕ್ ಹಾರದಂತೆ ಮಾಡಿ, ಸೆಲ್ಫ್ ಹೊಡೆದಾಗ ತೂತುಗಳಿಂದ ನೀರು ಆಳೆತ್ತರಕ್ಕೆ ಚಿಮ್ಮಿತು. ಆಯಿಲ್ ನೋಡಿದರೆ ಹಾಲು ಬೆರೆಸಿದ ಕಾಫಿ ಬಣ್ಣ. ಎರಡು ಸಲ ಆಯಿಲ್ ಬದಲಿಸಿದ ಮೇಲೆ ಬಣ್ಣ ಸರಿಯಾಯಿತು.

ಸಮಯದ ವಿಷಯದಲ್ಲಿ ಕಂಪನಿಗಳ ಮಾತು ಬೇರೆ ಬೇರೆ. ಯಮಾಹಾ ಕೈಪಿಡಿಗಳಲ್ಲಿ ನೀರು ಬಿಟ್ಟು ಐಡಲ್‌ನಲ್ಲಿ ಸುಮಾರು 3 ನಿಮಿಷ, ನೀರು ನಿಲ್ಲಿಸಿದ ಮೇಲೆ 10ರಿಂದ 15 ಸೆಕೆಂಡ್ ಆಕ್ಸಲರೇಟರ್ ಒತ್ತಿ ಬಿಟ್ಟು ಮಾಡಿ ಒಳಗಿನ ನೀರು ಹೊರಹಾಕಿ ಅಂತಿದೆ. ನೀರಿಲ್ಲದೆ 15 ಸೆಕೆಂಡ್ ಮೀರಿ ಓಡಿಸಬೇಡಿ ಅಂತಲೂ ಇದೆ. ಸೀ-ಡೂ ಕಥೆ ಬೇರೆ. ಅದರಲ್ಲಿ ಡ್ರೈವ್ ಶಾಫ್ಟ್ ಗಾಡಿಯಿಂದ ಹೊರಬೀಳುವ ಕಡೆ ಒಂದು ಕಾರ್ಬನ್ ಸೀಲ್ ಇದೆ. ಅದಕ್ಕೆ ತಂಪು ಸಿಗುವುದು ಗಾಡಿ ನೀರಿನಲ್ಲಿ ತೇಲುತ್ತಿರುವಾಗ ಮಾತ್ರ. ನೀವು ನಲ್ಲಿ ನೀರು ಬಿಟ್ಟರೂ ಆ ಸೀಲಿಗೆ ತಲುಪುವುದಿಲ್ಲ. ಹಾಗಾಗಿ ಈಚಿನ ಹಲವು ಮಾಡೆಲ್‌ಗಳ ಕೈಪಿಡಿ ದಡದ ಮೇಲೆ 2 ನಿಮಿಷಕ್ಕಿಂತ ಜಾಸ್ತಿ ಬೇಡ ಅನ್ನುತ್ತದೆ. ಒಂದು ಗಾಡಿಯ ಲೆಕ್ಕವನ್ನು ಇನ್ನೊಂದಕ್ಕೆ ಹಾಕಬೇಡಿ. ‘ಹತ್ತು ನಿಮಿಷ ಬಿಟ್ಟರೆ ಇನ್ನೂ ಚೆನ್ನಾಗಿ ತೊಳೆಯುತ್ತದೆ’ ಅನ್ನುವ ಹುರುಪಿನಲ್ಲಿ ಸೀಲ್ ಸುಟ್ಟುಕೊಂಡವರಿದ್ದಾರೆ.

ನಲ್ಲಿಯನ್ನೂ ಪೂರ್ತಿ ತಿರುಗಿಸಬೇಡಿ, ಹದವಾಗಿ ಬಿಡಿ. ಬಯಲಿನಲ್ಲಿ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಅಪಾಯ. ಇಂಜಿನ್ ಓಡುವಾಗ ಜೆಟ್ ಪಂಪ್ ಹತ್ತಿರ ಕೈ, ಬಟ್ಟೆ, ಮಕ್ಕಳು ಯಾವುದೂ ಬೇಡ. ಕ್ಲಚ್ ಇಲ್ಲದ ಗಾಡಿ ಇದು, ಇಂಜಿನ್ ತಿರುಗಿದರೆ ಪಂಪಿನೊಳಗಿನ ರೆಕ್ಕೆಚಕ್ರ (ಇಂಪೆಲ್ಲರ್) ತಿರುಗುತ್ತದೆ.

ಎರಡನೆಯ ದಾರಿ, ಸಮುದ್ರದಿಂದ ಬಂದ ಮೇಲೆ ಸಿಹಿ ನೀರಿನಲ್ಲಿ ಹತ್ತು ನಿಮಿಷ ಓಡಿಸುವುದು. ಹತ್ತಿರದಲ್ಲೇ ಹೊಳೆಯೋ ಕೆರೆಯೋ ಇರುವವರಿಗೆ ಇದಕ್ಕಿಂತ ಒಳ್ಳೆಯ ಫ್ಲಶ್ ಇಲ್ಲ. ಇಂಜಿನ್ ಪೂರ್ತಿ ಬಿಸಿಯಾಗುತ್ತದೆ. ಬಿಸಿಯಾದ ಮೇಲೆ ನೀರಿಗೆ ದಾರಿ ಬಿಡುವ ಥರ್ಮೋಸ್ಟ್ಯಾಟ್ ಇದ್ದರೆ ಅದೂ ತೆರೆಯುತ್ತದೆ. ನೀರು ಪಂಪಿನ ಒತ್ತಡದಲ್ಲಿ ಮೂಲೆಮೂಲೆಗೂ ನುಗ್ಗುತ್ತದೆ, ಸೀಲಿನ ಚಿಂತೆಯೂ ಇಲ್ಲ. ಆದರೆ ಒಂದು ನೀರಿನಿಂದ ಇನ್ನೊಂದಕ್ಕೆ ಹೋಗುವಾಗ ಗಾಡಿಯೊಳಗಿನ ನೀರಿನ ಜೊತೆ ಜೊಂಡಿನ ಚೂರು, ಜೀಬ್ರಾ ಮಸಲ್‌ನಂಥ ಚಿಪ್ಪುಜೀವಿಗಳ ಮರಿಗಳೂ ಸಾಗುತ್ತವೆ. ಒಂದು ಕೆರೆಯ ಪಿಡುಗು ಇನ್ನೊಂದಕ್ಕೆ ಹತ್ತುವುದು ಹೀಗೇ. ಎಷ್ಟೋ ಕಡೆ ಗಾಡಿಯನ್ನು ತೊಳೆದು, ನೀರು ಬಸಿದು, ಒಣಗಿಸಿಯೇ ಇಳಿಸಬೇಕೆಂಬ ನಿಯಮವಿದೆ. ಅಂಥ ಕಡೆ ಈ ದಾರಿ ಮುಚ್ಚಿತು ಅಂತಲೇ ತಿಳಿಯಿರಿ.

ಮೂರನೆಯದು ಬಕೆಟ್ಟು ಮತ್ತು ಸಣ್ಣ ಪಂಪು. ದೋಣಿಯ ಹಿಂದೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರ್ ಇಟ್ಟುಕೊಂಡವರು ಬಕೆಟ್ಟಿನಲ್ಲಿ ದ್ರಾವಣ ಬೆರೆಸಿ, ಇಂಜಿನ್ ನಿಲ್ಲಿಸಿಟ್ಟು, ಪಂಪಿನಿಂದ ಗಂಟೆಗಟ್ಟಲೆ ಸುತ್ತಿಸುತ್ತಾರೆ. ವಿಡಿಯೋ ನೋಡಿ ಜೆಟ್ ಸ್ಕೀಗೂ ಹಾಗೇ ಮಾಡಲು ಹೊರಡುವವರಿದ್ದಾರೆ. ದಯವಿಟ್ಟು ಬೇಡ. ಔಟ್‌ಬೋರ್ಡಿನಲ್ಲಿ ನೀರು ಕೆಳಗಿಳಿದು ಹೊರಗೆ ಹೋಗುತ್ತದೆ. ಜೆಟ್ ಸ್ಕೀಯಲ್ಲಿ ಅದು ಎಕ್ಸಾಸ್ಟಿನಲ್ಲಿ ತುಂಬಿಕೊಳ್ಳುತ್ತದೆ. ನಾನು ಮಾಡಿದ ತಪ್ಪನ್ನೇ ಗಂಟೆಗಟ್ಟಲೆ ಮಾಡಿದ ಹಾಗಾಗುತ್ತದೆ ಅಷ್ಟೇ.

ಮೂರರಲ್ಲಿ ನನ್ನ ಆಯ್ಕೆ ನಲ್ಲಿಯೇ. ಅದೂ ಗಾಡಿ ದಡಕ್ಕೆ ಬಂದ ದಿನವೇ, ಇಂಜಿನ್ ಇನ್ನೂ ಬೆಚ್ಚಗಿರುವಾಗಲೇ. ನಾಳೆ ಮಾಡೋಣ ಅಂದರೆ ಅಷ್ಟರಲ್ಲಿ ಉಪ್ಪು ಹರಳುಗಟ್ಟಿರುತ್ತದೆ.

ಬರೀ ನೀರಾ, ಉಪ್ಪು ಕರಗಿಸುವ ದ್ರಾವಣವಾ, ವಿನೆಗರಾ?

ಅಡುಗೆ ಉಪ್ಪು ನೀರಿನಲ್ಲಿ ಕರಗುತ್ತದೆ, ಅಲ್ವಾ? ಹಾಗಿದ್ದರೆ ಅದೇ ದಿನ ತೊಳೆದರೆ ಬರೀ ಸಿಹಿ ನೀರು ಸಾಕಾಗಬೇಕು. ಬಹುಪಾಲು ಸಾಕಾಗುತ್ತದೆ ಕೂಡ. ತೊಂದರೆ ಬರುವುದು ಎರಡು ಕಡೆ. ಸಮುದ್ರದ ನೀರಿನಲ್ಲಿ ಅಡುಗೆ ಉಪ್ಪಿನ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೂ ಇವೆ. ಬಿಸಿ ಲೋಹದ ಮೇಲೆ ಇವು ಸುಣ್ಣದ ಹಾಗೆ ಗಟ್ಟಿಯಾಗಿ ಕೂರುತ್ತವೆ, ನೀರಿಗೆ ಜಗ್ಗುವುದಿಲ್ಲ. ಮತ್ತೊಂದು, ನೀರು ಹರಿಯದ ಸಂದುಗೊಂದುಗಳಲ್ಲಿ, ಹೋಸ್ ಕ್ಲಾಂಪಿನ ಕೆಳಗೆ ಉಳಿಯುವ ಉಪ್ಪು.

ಸಾಲ್ಟ್-ಅವೇ ತರಹದ ದ್ರಾವಣಗಳು ಹುಟ್ಟಿದ್ದು ಇಂಥದ್ದಕ್ಕೇ. ಪೈಪಿಗೆ ಸಿಕ್ಕಿಸುವ ಸಣ್ಣ ಡಬ್ಬಿಯಲ್ಲಿ ದ್ರಾವಣ ಹಾಕಿದರೆ ನೀರಿನ ಜೊತೆ ಬೆರೆತು ಒಳಗೆ ಹೋಗುತ್ತದೆ. ನಾನು ಎರಡೂ ಮಾಡಿ ನೋಡಿದ್ದೇನೆ. ವಾರ ವಾರ ಓಡಿಸಿ ಅವತ್ತೇ ತೊಳೆಯುವಾಗ ಏನೂ ವ್ಯತ್ಯಾಸ ಕಾಣಲಿಲ್ಲ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವ ಮುಂಚಿನ ಕೊನೆಯ ಫ್ಲಶ್‌ನಲ್ಲಿ ಹಾಕಿದರೆ ಮಾತ್ರ ಬಿಚ್ಚಿದಾಗ ಒಳಗೆ ಸ್ವಚ್ಛವಾಗಿ ಕಾಣುತ್ತದೆ. ಹಾಗಾಗಿ ಪ್ರತಿ ಸಲ ಬೇಕಿಲ್ಲ, ದೀರ್ಘ ನಿಲುಗಡೆಗೆ ಮುಂಚೆ ಬೇಕು ಅನ್ನುವುದು ನನ್ನ ಲೆಕ್ಕ. ದ್ರಾವಣ ಹಾಕುತ್ತೇನಲ್ಲ ಅಂತ ನೀರು ಬಿಡುವ ಸಮಯ ಕಡಿಮೆ ಮಾಡುವವರಿಗೆ ಅದರಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಆಗಲೇ ಕಟ್ಟಿದ ಸುಣ್ಣದ ಪದರಕ್ಕೆ ವಿನೆಗರ್ ಕೆಲಸ ಮಾಡುತ್ತದೆ. ಅಡುಗೆಮನೆಯ ವಿನೆಗರಿನಲ್ಲಿ ಆಮ್ಲ ಇರುವುದು ಶೇ. 4–5ರಷ್ಟು. ನಾನು ಬಿಚ್ಚಿದ ಸಾಮಾನುಗಳನ್ನು, ಅಂದರೆ ಥರ್ಮೋಸ್ಟ್ಯಾಟು, ಹೋಸ್ ಮೂತಿ, ಜರಡಿ ಇವನ್ನು ಅದರಲ್ಲಿ ಅದ್ದಿಟ್ಟೆ. ಮೊದಲು ಸಣ್ಣ ಸಣ್ಣ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತ ಮೇಲೆ ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿದರೆ ಪದರ ಮೆತ್ತಗೆ ಬಿಟ್ಟುಕೊಳ್ಳುತ್ತದೆ. ಅಲ್ಯೂಮಿನಿಯಂ ಸಾಮಾನನ್ನು ರಾತ್ರಿಯೆಲ್ಲ ನೆನೆಹಾಕಬೇಡಿ. ಗುಳ್ಳೆ ನಿಂತ ಕೂಡಲೇ ತೆಗೆದು ಚೆನ್ನಾಗಿ ತೊಳೆಯಿರಿ. ಬಾತ್‌ರೂಮ್ ತೊಳೆಯುವ ಗಟ್ಟಿ ಆಸಿಡ್ ಬಗ್ಗೆ ಕೇಳುವವರೂ ಇದ್ದಾರೆ. ಅದು ಪದರವನ್ನೂ ತಿನ್ನುತ್ತದೆ, ಅದರ ಹಿಂದಿನ ಅಲ್ಯೂಮಿನಿಯಂನ್ನೂ ತಿನ್ನುತ್ತದೆ. ಇಂಜಿನ್ ಬ್ಲಾಕಿನೊಳಗೇ ಪದರ ದಪ್ಪಗೆ ಕಟ್ಟಿದ್ದರೆ ಅದು ವರ್ಕ್‌ಶಾಪಿನ ಕೆಲಸ. ಹೋಸ್‌ಗಳನ್ನು ಬೇರೆ ಮಾಡಿ, ಎಕ್ಸಾಸ್ಟಿಗೆ ನೀರು ಹೋಗದ ಹಾಗೆ ದಾರಿ ಮಾಡಿಕೊಂಡು ತೊಳೆಯಬೇಕಾಗುತ್ತದೆ.

ಕೂಲಂಟ್ ಆರಿಸುವಾಗ

ಇದು ಕ್ಲೋಸ್ಡ್ ಲೂಪ್ ಇರುವವರಿಗೆ ಮಾತ್ರ. ಅಂಗಡಿಯಲ್ಲಿ ಹಸಿರು, ಕಿತ್ತಳೆ, ಗುಲಾಬಿ, ನೀಲಿ ಎಲ್ಲ ಬಣ್ಣವೂ ಸಿಗುತ್ತದೆ. ಬಣ್ಣ ನೋಡಿ ಕೊಳ್ಳುವುದು ಕುರುಡಾಟ. ಒಂದೊಂದು ಕಂಪನಿ ತನಗೆ ಬೇಕಾದ ಬಣ್ಣ ಹಾಕುತ್ತದೆ. ಡಬ್ಬಿಯ ಮೇಲೆ ಓದಬೇಕಾದ್ದು ಅಲ್ಯೂಮಿನಿಯಂ ಇಂಜಿನ್ನಿಗೆ ಆಗುವಂಥದ್ದಾ, ಎಥಿಲೀನ್ ಗ್ಲೈಕಾಲಾ, ಸಿಲಿಕೇಟ್ ಕಡಿಮೆ ಇದೆಯಾ ಅನ್ನುವುದನ್ನು. ಅದನ್ನು ಕೈಪಿಡಿಗೆ ಹೋಲಿಸಿ. ಬೇರೆ ಬೇರೆ ಜಾತಿಯ ಕೂಲಂಟ್ ಬೆರೆಸಿದರೆ ಕೆಲವು ಸಲ ಲೋಳೆಯಂತಾಗಿ ರೈಡ್ ಪ್ಲೇಟಿನ ದಾರಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗಿರುವುದು ಯಾವುದು ಅಂತ ಗೊತ್ತಿಲ್ಲದಿದ್ದರೆ ಪೂರ್ತಿ ಬಸಿದು ಹೊಸದು ತುಂಬುವುದೇ ಸರಿ.

ರೆಡಿ ಮಿಕ್ಸಾ, ಗಟ್ಟಿ ಕೂಲಂಟಾ? ಗಟ್ಟಿಯದು ತಂದು ನೀರು ಬೆರೆಸಿದರೆ ಉಳಿತಾಯವಾಗುವುದು ನಿಜ. ಆದರೆ ಬೆರೆಸುವ ನೀರು ಡಿಸ್ಟಿಲ್ಡ್ ಆಗಿರಬೇಕು. ಬೋರ್‌ವೆಲ್ ನೀರು ಬೆರೆಸಿದರೆ ಹೊರಗೆ ತಡೆದ ಸುಣ್ಣವನ್ನು ನಾವೇ ಒಳಗೆ ಕರೆದ ಹಾಗೆ. ಜೆಟ್ ಸ್ಕೀಗೆ ಬೇಕಾಗುವುದು ಕೆಲವೇ ಲೀಟರ್. ಅಷ್ಟಕ್ಕೆ ಅಳತೆಯ ತಾಪತ್ರಯ ಯಾಕೆ ಅಂತ ನಾನು ರೆಡಿ ಮಿಕ್ಸೇ ತರುತ್ತೇನೆ. ಅರ್ಧಕ್ಕರ್ಧ ಬೆರೆಸಿದ ಎಥಿಲೀನ್ ಗ್ಲೈಕಾಲ್ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟುವುದಿಲ್ಲ. ಚಳಿಯೇ ಇಲ್ಲದ ಕಡೆಯೂ ಅದು ಬೇಕು, ತುಕ್ಕು ತಡೆಯುವುದಕ್ಕೆ ಮತ್ತು ಕುದಿಯುವ ಮಟ್ಟ ಏರಿಸುವುದಕ್ಕೆ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ವಿಷ. ಬಸಿದದ್ದನ್ನು ನಾಯಿ, ಬೆಕ್ಕು, ಮಕ್ಕಳ ಕೈಗೆ ಸಿಗುವ ಹಾಗೆ ಬಿಡಬೇಡಿ. ಬಿಸಿ ಇಂಜಿನ್ನಿನ ಪ್ರೆಶರ್ ಕ್ಯಾಪ್ ತೆರೆಯಬೇಡಿ ಅಂತ ಬೇರೆ ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ.

ಆನೋಡ್: ಸತುವಾ, ಅಲ್ಯೂಮಿನಿಯಮ್ಮಾ, ಮೆಗ್ನೀಸಿಯಮ್ಮಾ

ಇಂಜಿನ್ ಅಥವಾ ಪಂಪಿನ ಬದಲು ತಾನೇ ಸವೆದುಹೋಗಲು ಇಟ್ಟಿರುವ ಲೋಹದ ತುಂಡು ಇದು. ಆಯ್ಕೆ ಸುಲಭ. ಉಪ್ಪು ನೀರಿಗೆ ಸತು ಅಥವಾ ಅಲ್ಯೂಮಿನಿಯಂ. ನದಿ ಸಮುದ್ರ ಸೇರುವ ಜಾಗದ ಅರೆ ಉಪ್ಪು ನೀರಿಗೆ ಅಲ್ಯೂಮಿನಿಯಂ. ಬರೀ ಸಿಹಿ ನೀರಿಗೆ ಮೆಗ್ನೀಸಿಯಂ. ಸಿಹಿ ನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಮೆಗ್ನೀಸಿಯಂನ್ನು ಸಮುದ್ರಕ್ಕೆ ಒಯ್ದರೆ ನೋಡನೋಡುತ್ತಿದ್ದಂತೆ ಕರಗಿಹೋಗುತ್ತದೆ. ಅರ್ಧ ಸವೆದರೆ ಬದಲಿಸಿ, ಮೇಲೆ ಪೇಂಟ್ ಹಚ್ಚಬೇಡಿ. ಸಮುದ್ರದಲ್ಲಿ ಓಡಿದ ಗಾಡಿಯಲ್ಲಿ ವರ್ಷವಾದರೂ ಆನೋಡ್ ಹೊಸದರಂತೆ ಮಿರಮಿರ ಮಿಂಚುತ್ತಿದ್ದರೆ ಖುಷಿಪಡಬೇಡಿ. ಅದು ಲೋಹಕ್ಕೆ ಸರಿಯಾಗಿ ತಾಗಿಕೊಂಡಿಲ್ಲ ಅಂತ ಅರ್ಥ. ಅದರ ಪಾಲಿನ ಸವೆತ ಇನ್ನೆಲ್ಲೋ ಆಗುತ್ತಿರುತ್ತದೆ.

ಹೆಪ್ಪುಗಟ್ಟುವ ಚಳಿ ಇರುವ ಕಡೆ

ನೀರು ಮಂಜುಗಡ್ಡೆಯಾದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಒಳಗೆ ಉಳಿದ ನೀರು ಬ್ಲಾಕನ್ನೇ ಸೀಳಬಲ್ಲದು. ನೀರನ್ನು ಬಸಿದು ಬಿಡುವುದು, ಗಾಳಿ ಹೊಡೆದು ಊದಿಸುವುದು, ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜ್ ತುಂಬುವುದು, ಹೀಗೆ ಮೂರು ದಾರಿ. ಬಸಿಯುವುದರ ಮೇಲೆ ಪೂರ್ತಿ ಭರವಸೆ ಬೇಡ, ವಾಟರ್ ಬಾಕ್ಸಿನಲ್ಲಿ ನೀರು ಉಳಿಯುತ್ತದೆ. ಗಾಳಿಯಿಂದ ಊದುವುದು ಅಗ್ಗ, ಆದರೆ ಎಲ್ಲ ನೀರೂ ಹೋಯಿತಾ ಅನ್ನುವ ಅನುಮಾನ ಉಳಿಯುತ್ತದೆ. ಆಂಟಿಫ್ರೀಜ್ ತುಂಬಿದರೆ ಉಳಿದ ನೀರಿಗೂ ಅದು ಬೆರೆಯುತ್ತದೆ, ನಿಶ್ಚಿಂತೆ. ಹಿಂದಿನಿಂದ ಗುಲಾಬಿ ಬಣ್ಣ ಗಾಢವಾಗಿ ಬರುವವರೆಗೂ ಹಾಕಬೇಕು. ತಿಳಿ ಗುಲಾಬಿ ಬಂದರೆ ಇನ್ನೂ ನೀರು ಬೆರೆತಿದೆ ಅಂತ ಲೆಕ್ಕ. ಕ್ಲೋಸ್ಡ್ ಲೂಪ್ ಗಾಡಿಗೂ ಎಕ್ಸಾಸ್ಟಿನ ಕಡೆ ಇದನ್ನು ಮಾಡಬೇಕು, ಮರೆಯಬೇಡಿ. ಚಳಿಯಿಲ್ಲದ ಕಡೆ ಈ ಭಾಗ ಬಿಟ್ಟು ಮುಂದೆ ಹೋಗಿ.

ಮರಳು, ಜೊಂಡು ಮತ್ತು ಬೀಪ್ ಸದ್ದು

ನೀವು ಯಾವ ಸಿಸ್ಟಮ್ ಆರಿಸಿದರೂ ಆಳವಿಲ್ಲದ ಕಡೆ ಸ್ಟಾರ್ಟ್ ಮಾಡಿದರೆ ಮರಳು ಒಳಗೆ ಹೋಗುತ್ತದೆ. ಗಾಡಿಯ ತಳದಿಂದ ಕೆಳಗೆ ಯಮಾಹಾಗೆ 60 ಸೆಂ.ಮೀ., ಸೀ-ಡೂಗೆ 90 ಸೆಂ.ಮೀ. ನೀರಿರಬೇಕು ಅಂತ ಅವರವರ ಕೈಪಿಡಿ ಹೇಳುತ್ತದೆ. ಸೊಂಟದ ಮಟ್ಟದವರೆಗೆ ತಳ್ಳಿಕೊಂಡು ಹೋಗಿ ಆಮೇಲೆ ಸ್ಟಾರ್ಟ್ ಮಾಡಿ ಅನ್ನುವುದು ನೆನಪಿಡಲು ಸುಲಭ.

ಬೀಪ್ ಹೊಡೆದು ಬಿಸಿಯ ಎಚ್ಚರಿಕೆ ಬಂದರೆ ಆಕ್ಸಲರೇಟರ್ ಬಿಟ್ಟು ಧಾರೆ ನೋಡಿ. ಬರುತ್ತಿಲ್ಲವಾದರೆ ಇಂಜಿನ್ ನಿಲ್ಲಿಸಿ, ಲ್ಯಾನ್ಯಾರ್ಡ್ (ಸವಾರನಿಗೆ ಕಟ್ಟಿರುವ, ಕಿತ್ತರೆ ಇಂಜಿನ್ ನಿಲ್ಲುವ ಹಗ್ಗ) ಕಿತ್ತು, ಆಮೇಲೆ ತಳದ ಜಾಲರಿಗೆ ಕೈ ಹಾಕಿ. ಸಾಮಾನ್ಯವಾಗಿ ಸಿಗುವುದು ಜೊಂಡು ಅಥವಾ ಪ್ಲಾಸ್ಟಿಕ್ ಕವರ್. ಅಲ್ಲಿ ಏನೂ ಇಲ್ಲ ಅಂದರೆ ಪಂಪಿನ ಬಳಿಯ ಜರಡಿಯಲ್ಲಿ ಮರಳು ಗಟ್ಟಿಯಾಗಿರಬಹುದು, ಅದು ದಡದ ಮೇಲೆ ಬಿಚ್ಚುವ ಕೆಲಸ. ‘ಇನ್ನೇನು ದಡ ಬಂತಲ್ಲ’ ಅಂತ ಓಡಿಸಿಕೊಂಡು ಬಂದರೆ ಎಕ್ಸಾಸ್ಟಿನ ರಬ್ಬರ್ ಹೋಸ್ ಮೊದಲು ಸುಡುತ್ತದೆ, ಆಮೇಲೆ ಹೆಡ್ ಗ್ಯಾಸ್ಕೆಟ್.

ಕಟ್ಟಿ ಎಳೆಸಿಕೊಂಡು ಬರುವಾಗಲೂ ನಿಧಾನ. ಜೋರಾಗಿ ಎಳೆದರೆ ನೀರು ಪಂಪಿನಿಂದ ತಾನಾಗಿಯೇ ಕೂಲಿಂಗ್ ಹೋಸಿಗೆ ನುಗ್ಗುತ್ತದೆ, ಇಂಜಿನ್ ನಿಂತಿರುವುದರಿಂದ ಮತ್ತೆ ಅದೇ ಎಕ್ಸಾಸ್ಟು, ಅದೇ ಸಿಲಿಂಡರು. ಗಂಟೆಗೆ 8 ಕಿ.ಮೀ. ದಾಟದ ಹಾಗೆ ನೋಡಿಕೊಳ್ಳಿ. ಪಂಪಿನಿಂದ ಇಂಜಿನ್ನಿಗೆ ಹೋಗುವ ಹೋಸನ್ನು ಒತ್ತಿ ಹಿಡಿಯುವ ಪ್ಲಾಸ್ಟಿಕ್ ಕ್ಲಾಂಪ್ ಒಂದನ್ನು ನಾನು ಸೀಟಿನ ಕೆಳಗೆ ಇಟ್ಟುಕೊಂಡಿರುತ್ತೇನೆ. ಎಳೆಸುವ ಮುಂಚೆ ಹಾಕಬೇಕು, ಮತ್ತೆ ಸ್ಟಾರ್ಟ್ ಮಾಡುವ ಮುಂಚೆ ತೆಗೆಯಬೇಕು. ತೆಗೆಯುವುದನ್ನು ಮರೆಯಬಾರದು ಅಂತ ಅದಕ್ಕೆ ಕೆಂಪು ರಿಬ್ಬನ್ ಕಟ್ಟಿ ಇನ್ನೊಂದು ತುದಿಯನ್ನು ಹ್ಯಾಂಡಲ್‌ಗೆ ಸುತ್ತುತ್ತೇನೆ.

ಹಳೇ ಗಾಡಿ ಕೊಳ್ಳುವವರಿಗೆ

ಎರಡು ಹಳೇ ಗಾಡಿಗಳ ನಡುವೆ ಆರಿಸಬೇಕಾದಾಗ ಮೈಮೇಲಿನ ಗೀರು, ಸೀಟಿನ ಹರುಕು ನೋಡುವ ಮುಂಚೆ ಫ್ಲಶ್ ಬಾಯಿಯ ಮುಚ್ಚಳ ತಿರುಗಿಸಿ ನೋಡಿ. ಕೈಯಲ್ಲೇ ಸಲೀಸಾಗಿ ಬಿಚ್ಚಿಕೊಂಡರೆ ಅದನ್ನು ಆಗಾಗ ಬಿಚ್ಚಿದವರಿದ್ದಾರೆ. ತುಕ್ಕು ಹಿಡಿದು, ಪ್ಲೈಯರ್ ಹಾಕಿದರೂ ಕದಲದೆ ಕೂತಿದ್ದರೆ ಆ ಗಾಡಿ ಎಷ್ಟು ಕಾಲದಿಂದ ಸಿಹಿ ನೀರು ಕುಡಿದಿಲ್ಲ ಅಂತ ಮಾರುವವರನ್ನು ಕೇಳಬೇಕಾಗಿಯೇ ಇಲ್ಲ. ಹೋಸ್ ಕ್ಲಾಂಪುಗಳ ಸುತ್ತ ಬಿಳಿ ಹುಡಿ ಇದೆಯಾ, ಆಯಿಲ್ ಡಿಪ್‌ಸ್ಟಿಕ್ಕಿನಲ್ಲಿ ಕಾಫಿ ಬಣ್ಣ ಇದೆಯಾ, ಎಕ್ಸಾಸ್ಟ್ ಹೋಸ್ ಒತ್ತಿದರೆ ಮೆತ್ತಗಿದೆಯಾ ಅಥವಾ ಸುಟ್ಟು ಬಿರುಸಾಗಿದೆಯಾ ನೋಡಿ. ಆಮೇಲೆ ನೀರಿಗಿಳಿಸಿ ಸ್ಟಾರ್ಟ್ ಮಾಡಲು ಹೇಳಿ, ನೀವು ಪಕ್ಕಕ್ಕೆ ಬಂದು ನಿಂತು ಆ ಧಾರೆ ಎಷ್ಟು ದಪ್ಪ ಇದೆ ಅಂತ ನೋಡಿ.